ಜ್ವರ ಬಿಟ್ಟ ಮೇಲೆ ಓಟ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಾನ್ಯ ಡಾಕ್ಟರರೇ, ನನಗೆ 38 ವರ್ಷ. ಕಾರವಾರದಲ್ಲಿ ನೌಕರಿ. ಕೆಲವು ವರ್ಷಗಳಿಂದ ಬೆಳಗಿನ ಜಾವ ಟ್ಯಾಗೋರ್ ಕಡಲತೀರದಲ್ಲಿ ಮತ್ತು ಬಿಣಗಾ ಕಡೆಯ ಹೆದ್ದಾರಿಯಲ್ಲಿ ಓಡುವ ಅಭ್ಯಾಸವಿದೆ. ಜನವರಿಯ ಮೂರನೆಯ ಭಾನುವಾರದ ಮುಂಬಯಿ ಮ್ಯಾರಥಾನಿಗೆ ಹೆಸರು ಕೊಟ್ಟು, ಮಳೆಗಾಲವಿಡೀ ಬಿಡದೆ ತಯಾರಿ ನಡೆಸಿದ್ದೆ. ಅಕ್ಟೋಬರ್ ಕೊನೆಯಲ್ಲಿ ಡೆಂಗೀ ಬಂದು, ಪ್ಲೇಟ್‌ಲೆಟ್ 28 ಸಾವಿರಕ್ಕೆ ಇಳಿದು, ಐದು ದಿನ ಆಸ್ಪತ್ರೆಯಲ್ಲಿದ್ದೆ. ಈಗ ಜ್ವರ ಬಿಟ್ಟು ಮೂರು ವಾರವಾಗಿದೆ, ಪ್ಲೇಟ್‌ಲೆಟ್ 2.1 ಲಕ್ಷಕ್ಕೆ ಬಂದಿದೆ. ಜೊತೆಗೆ ಓಡುವ ಗೆಳೆಯರು ‘ಇನ್ನೇನು ತೊಂದರೆಯಿಲ್ಲ, ನಿಧಾನವಾಗಿಯಾದರೂ ಮುಗಿಸು’ ಎನ್ನುತ್ತಾರೆ. ಮನೆಯವಳು ಬೇಡವೇ ಬೇಡ ಎನ್ನುತ್ತಾಳೆ. ರೈಲಿನ ಟಿಕೆಟ್ ಕೂಡ ಆಗಿದೆ. ಮನೆಯ ಮೆಟ್ಟಿಲು ಹತ್ತಿದಾಗ ಸ್ವಲ್ಪ ಎದೆ ಹೊಡೆದುಕೊಳ್ಳುತ್ತದೆ, ಮಧ್ಯಾಹ್ನ ಮಲಗಬೇಕೆನಿಸುತ್ತದೆ, ಅಷ್ಟೇ. ಓಡಬಹುದೇ?

ಉತ್ತರ: ಈ ಜನವರಿಯಲ್ಲಿ 42.195 ಕಿಲೋಮೀಟರ್ ಓಡಬೇಡಿ. ಪತ್ರದ ಕೊನೆಯಲ್ಲಿ ‘ಅಷ್ಟೇ’ ಎಂದು ನೀವು ಬದಿಗಿಟ್ಟ ಎರಡು ಸಂಗತಿಗಳೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡವು. ಕಳೆದ ಸೆಪ್ಟೆಂಬರಿನಲ್ಲಿ ಹತ್ತಾರು ಕಿಲೋಮೀಟರ್ ಓಡುತ್ತಿದ್ದ ಮನುಷ್ಯನಿಗೆ ಮನೆಯ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತಿದೆ ಎಂದರೆ, ಜ್ವರ ಹೋಗಿದೆಯೇ ಹೊರತು ಕಾಯಿಲೆಯಿಂದ ಆದ ಹಾನಿ ಇನ್ನೂ ತುಂಬಿಬಂದಿಲ್ಲ. ನಿಮ್ಮ ಮನೆಯವರ ಮಾತು ಸರಿಯಾಗಿದೆ.

ಡೆಂಗೀ ಬಂದವರ ಮನೆಯಲ್ಲಿ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೆಯೇ ಇರುತ್ತದೆ, ಅದು ಏರಿತೆಂದರೆ ರೋಗಿ ಗೆದ್ದನೆಂದು ಊರೇ ತೀರ್ಮಾನಿಸುತ್ತದೆ. ಪಪ್ಪಾಯಿ ಎಲೆಯ ರಸ ಕುಡಿಸುವುದೂ ಈ ಒಂದು ಸಂಖ್ಯೆಗಾಗಿಯೇ. ಆರೋಗ್ಯವಂತರಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುವ ಈ ಕಣಗಳು ಜ್ವರ ಇಳಿದ ಮೇಲೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾವಾಗಿ ಏರುತ್ತವೆ. ರಕ್ತಸ್ರಾವದ ಅಪಾಯ ಕಳೆಯಿತೆಂಬುದನ್ನು ಆ ಏರಿಕೆ ಹೇಳುತ್ತದೆ. ಹೃದಯ, ಯಕೃತ್ತು, ಸ್ನಾಯುಗಳ ಸ್ಥಿತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಡೆಂಗೀಯ ನಂತರದ ಆಯಾಸ ಹಲವು ವಾರ, ಕೆಲವರಲ್ಲಿ ತಿಂಗಳುಗಳವರೆಗೂ ಉಳಿಯುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ.

ಹೃದಯದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವೈರಸ್ ಜ್ವರಗಳಲ್ಲಿ, ಡೆಂಗೀಯಲ್ಲಿಯೂ, ಹೃದಯದ ಸ್ನಾಯುವಿಗೆ ಉರಿಯೂತ ಆಗುವುದುಂಟು. ಬಹುಪಾಲು ಜನರಲ್ಲಿ ಅದು ಸೌಮ್ಯವಾಗಿದ್ದು, ಯಾರ ಗಮನಕ್ಕೂ ಬಾರದೆ ವಾಸಿಯಾಗಿಬಿಡುತ್ತದೆ. ಆದರೆ ಉರಿಯೂತ ಇನ್ನೂ ಆರದಿರುವಾಗ ಗಂಟೆಗಟ್ಟಲೆ ಶ್ರಮಪಟ್ಟರೆ ಹೃದಯದ ಬಡಿತ ಲಯ ತಪ್ಪಬಹುದು, ಅದು ಓಡುವವನಿಗೆ ಮುನ್ಸೂಚನೆ ಕೊಟ್ಟೇ ಬರುತ್ತದೆಂದು ನಂಬಿ ಕೂಡುವಂತಿಲ್ಲ. ಈ ಉರಿಯೂತ ಖಚಿತವಾದರೆ ಮೂರರಿಂದ ಆರು ತಿಂಗಳು ಕಠಿಣ ವ್ಯಾಯಾಮವನ್ನೇ ಬಿಡಬೇಕೆಂಬುದು ಹೃದಯತಜ್ಞರ ಸಾಮಾನ್ಯ ಸಲಹೆ. ಆದ್ದರಿಂದ ನೀವು ಓಟದ ಬೂಟು ಹಾಕುವುದಕ್ಕೆ ಮೊದಲು ವೈದ್ಯರನ್ನು ಕಂಡು ಇಸಿಜಿ ಮಾಡಿಸಿ, ಅವರು ಹೇಳಿದರೆ ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆ ಮತ್ತು ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಇನ್ನೊಂದು ವಿಷಯ: ಡೆಂಗೀಯಿಂದ ಚೇತರಿಸಿಕೊಳ್ಳುವ ಮೊದಲ ದಿನಗಳಲ್ಲಿ ಕೆಲವರ ನಾಡಿ ತೀರ ನಿಧಾನವಾಗಿರುತ್ತದೆ. ಓಟಗಾರರು ನಿಧಾನದ ನಾಡಿಯನ್ನು ಒಳ್ಳೆಯ ತರಬೇತಿಯ ಗುರುತೆಂದು ತಿಳಿದಿರುವುದರಿಂದ, ಕೈಗಡಿಯಾರ ತೋರಿಸುವ ಆ ಸಂಖ್ಯೆಯನ್ನು ನೋಡಿ ‘ನನ್ನ ಫಿಟ್‌ನೆಸ್ ಉಳಿದಿದೆ’ ಎಂದು ಸಮಾಧಾನಪಟ್ಟುಕೊಳ್ಳುವುದುಂಟು. ಅದು ತರಬೇತಿಯ ಫಲವಲ್ಲ, ಕಾಯಿಲೆಯ ಶೇಷ.

ಯಕೃತ್ತಿನ ಕಡೆಗೂ ಗಮನ ಬೇಕು. ಹೆಚ್ಚಿನ ಡೆಂಗೀ ರೋಗಿಗಳಲ್ಲಿ ಯಕೃತ್ತಿಗಾದ ಹಾನಿಯನ್ನು ರಕ್ತಪರೀಕ್ಷೆಯಲ್ಲಿ ತೋರಿಸುವ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಏರಿರುತ್ತವೆ. ದೂರದ ಓಟದಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ಕಾಯುವುದು ಯಕೃತ್ತಿನ ಸಂಗ್ರಹವೇ ಆದ್ದರಿಂದ, ಅದು ಪೂರ್ತಿ ಸುಧಾರಿಸದಿರುವಾಗ 30 ಕಿಲೋಮೀಟರ್ ದಾಟಿದ ಮೇಲಿನ ಕಷ್ಟ ಇಮ್ಮಡಿಯಾಗುತ್ತದೆ. ಮುಂಬಯಿಯಲ್ಲಂತೂ ಪೆಡ್ಡರ್ ರಸ್ತೆಯ ಏರು ಎದುರಾಗುವುದು ದಾರಿಯ ಕೊನೆಯ ಭಾಗದಲ್ಲಿಯೇ. ಪರೀಕ್ಷೆ ಮಾಡಿಸುವವರಿಗೆ ಒಂದು ಸೂಚನೆ: ಬಿರುಸಿನ ಓಟವೂ ಎಸ್‌ಜಿಒಟಿಯನ್ನು ಏರಿಸುತ್ತದೆ. ಹಾಗಾಗಿ ಕೆಲವು ದಿನ ಶ್ರಮವಿಲ್ಲದೆ ಇದ್ದು ಆಮೇಲೆ ರಕ್ತ ಕೊಡಿ, ಇಲ್ಲದಿದ್ದರೆ ವರದಿ ದಾರಿ ತಪ್ಪಿಸುತ್ತದೆ.

ಇವೆಲ್ಲ ಸರಿಯಿದ್ದರೂ ಮಲಗಿದ ದಿನಗಳ ಲೆಕ್ಕ ಬೇರೆಯೇ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಅಧ್ಯಯನ ನಡೆಸಿದರು. ಶ್ರಮದ ವೇಳೆ ಆಮ್ಲಜನಕವನ್ನು ಬಳಸುವ ಅವರ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತಲೂ ಹೆಚ್ಚು ಇಳಿದಿತ್ತು. ಅವರಿಗೆ ಯಾವ ರೋಗವೂ ಇರಲಿಲ್ಲ, ಬರೀ ಮಲಗಿದ್ದರು. ಸುಮಾರು ಎರಡು ತಿಂಗಳ ತರಬೇತಿಯ ನಂತರ ಅವರು ಹಿಂದಿನ ಮಟ್ಟವನ್ನು ದಾಟಿದರು ಎಂಬುದು ನಿಮಗೆ ಧೈರ್ಯ ಕೊಡಬೇಕಾದ ಸಂಗತಿ, ಏಕೆಂದರೆ ಕಳೆದುಹೋದದ್ದು ಮರಳಿ ಬರುತ್ತದೆ. ಆದರೆ ನಿಮ್ಮ ಕೈಯಲ್ಲಿರುವುದು ಏಳೆಂಟು ವಾರ. ಅದರಲ್ಲಿ ಕೊನೆಯ ಎರಡು ವಾರ ಓಟವನ್ನು ತಗ್ಗಿಸಬೇಕು, ಮೊದಲ ಮೂರು ನಾಲ್ಕು ವಾರ ನಡಿಗೆಗೂ ಮೆಲು ಓಟಕ್ಕೂ ಹೋಗುತ್ತದೆ. ಐದು ಕಿಲೋಮೀಟರಿನಿಂದ ಮೂವತ್ತಕ್ಕೆ ಏರಲು ಉಳಿಯುವುದು ಎರಡೇ ವಾರ. ಗಟ್ಟಿಮುಟ್ಟಾದವರಿಗೂ ನಾನು ಅದನ್ನು ಹೇಳಲಾರೆ. ‘ನಿಧಾನವಾಗಿಯಾದರೂ ಮುಗಿಸು’ ಎಂಬ ಗೆಳೆಯರ ಮಾತಿನಲ್ಲಿ ಪ್ರೀತಿಯಿದೆ, ಆದರೆ ನಿಧಾನವಾಗಿ ಓಡಿದರೆ ಬಿಸಿಲು ಮತ್ತು ಸೆಕೆಯಲ್ಲಿ ಇರುವ ಸಮಯ ಒಂದೆರಡು ಗಂಟೆ ಹೆಚ್ಚಾಗುತ್ತದೆ ಎಂಬುದನ್ನು ಅವರು ಗಮನಿಸಿಲ್ಲ.

ಹಾಗಾದರೆ ಏನು ಮಾಡಬೇಕು? ಪರೀಕ್ಷೆಗಳು ಸರಿಯೆಂದು ಬಂದ ಮೇಲೆ, ಮಧ್ಯಾಹ್ನದ ನಿದ್ದೆಯಿಲ್ಲದೆ ದಿನ ಕಳೆಯುವುದು ಒಂದು ವಾರ ಪೂರ್ತಿ ಸಾಧ್ಯವಾದ ಮೇಲೆ, ಸಮತಟ್ಟಾದ ಜಾಗದಲ್ಲಿ ಇಪ್ಪತ್ತು ನಿಮಿಷದ ನಡಿಗೆಯಿಂದ ಪ್ರಾರಂಭಿಸಿ. ಕಡಲತೀರದ ಒಣ ಉಸುಕು ಈಗ ಬೇಡ, ಅದು ಕಾಲನ್ನೂ ಉಸಿರನ್ನೂ ಎರಡರಷ್ಟು ದುಡಿಸುತ್ತದೆ. ಇಳಿತದ ಹೊತ್ತಿನ ಗಟ್ಟಿ ಮರಳು ನಡೆಯಲು ಒಳ್ಳೆಯದು. ನಡಿಗೆಯ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ. ನಿಮ್ಮ ಎಂದಿನ ಸಂಖ್ಯೆಗಿಂತ ಹತ್ತು ಬಡಿತ ಹೆಚ್ಚಿದ್ದರೆ ಅಂದು ವಿಶ್ರಾಂತಿ. ಹಾಗಿಲ್ಲದಿದ್ದರೆ ನಡಿಗೆಯ ನಡುವೆ ಒಂದೆರಡು ನಿಮಿಷದ ಓಟವನ್ನು ಸೇರಿಸುತ್ತ ಹೋಗಿ. ಓಡುತ್ತಲೇ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾಗಬೇಕು. ಎದೆನೋವು, ತಲೆಸುತ್ತು, ಬಡಿತ ತಪ್ಪಿದಂತಾಗುವುದು, ಈ ಮೂರರಲ್ಲಿ ಒಂದು ಕಂಡರೂ ಅಲ್ಲಿಯೇ ನಿಂತು, ಅಂದೇ ವೈದ್ಯರ ಬಳಿಗೆ ಹೋಗಿ.

ಆಹಾರದ ವಿಷಯಕ್ಕೆ ದುಬಾರಿ ಪುಡಿಗಳ ಅಗತ್ಯವಿಲ್ಲ. ಕುಚ್ಚಲಕ್ಕಿ ಗಂಜಿ, ಬಂಗಡೆ ಅಥವಾ ತಾರ್ಲೆ ಮೀನು, ಮೀನು ತಿನ್ನದವರಿಗೆ ಬೇಳೆ, ಹೆಸರುಕಾಳು, ಮೊಸರು ಸಾಕು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮಾತ್ರ ವೈದ್ಯರು ಕಬ್ಬಿಣದ ಮಾತ್ರೆ ಕೊಡುತ್ತಾರೆ.

ಓಟಗಾರರು ಮರೆಯುವ ಒಂದು ಅಪಾಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಡೆಂಗೀ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದವರಿಗೆ ಮತ್ತೊಂದು ಬಗೆ ತಗುಲಿದರೆ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚು. ಅದನ್ನು ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಗೆ ಮುಂಚೆ, ಅಂದರೆ ಸರಿಯಾಗಿ ನೀವು ಓಡುವ ಹೊತ್ತಿನಲ್ಲಿ. ಓಟಕ್ಕೆ ಮೊದಲು ಮತ್ತು ನಂತರ ನಿಂತು ಮೈ ಸಡಿಲಿಸುವಾಗ ಕಾಲಿಗೆ ಸೊಳ್ಳೆ ನಿವಾರಕ ಹಚ್ಚಿಕೊಂಡಿರಿ. ಮನೆಯ ಹಿತ್ತಲಿನ ತೆಂಗಿನ ಕರಟ, ಅಡಿಕೆ ಹಾಳೆ, ಹಳೆ ಟಯರುಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ.

ಟಿಕೆಟನ್ನು ರದ್ದು ಮಾಡಬೇಕೆಂದೇನೂ ಇಲ್ಲ. ಗೆಳೆಯರೊಂದಿಗೆ ಹೋಗಿ ಅವರಿಗೆ ದಾರಿಯಲ್ಲಿ ನೀರು ಕೊಡಿ, ಓಟದ ದಾರಿಯನ್ನು ಕಣ್ಣಾರೆ ನೋಡಿ ಬನ್ನಿ. ಅದರ ಮುಂದಿನ ಜನವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಮುಂಬಯಿಯಲ್ಲಿ ಆ ಹೊತ್ತಿಗೆ ಆಸೆಯಾಗಿ, ಯಾರದೋ ಜೊತೆ ಅರ್ಧ ದಾರಿ ಓಡಿಬಿಡುವ ಮನಸ್ಸಾಗಬಹುದೆಂದು ನಿಮಗೆ ಅನಿಸಿದರೆ ಮಾತ್ರ ಊರಿನಲ್ಲೇ ಇರುವುದು ಮೇಲು.

ಪ್ರಶ್ನೆ: ನಾವು ಸಿದ್ದಾಪುರ ತಾಲ್ಲೂಕಿನವರು. 22 ವರ್ಷದ ಮಗನಿಗೆ ಸೆಪ್ಟೆಂಬರಿನಲ್ಲಿ ತೋಟದ ಕೆಲಸದ ನಂತರ ಇಲಿಜ್ವರ ಬಂದು, ಕಾಮಾಲೆಯಾಗಿ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿತ್ತು. ಈಗ ಆರಾಮಾಗಿದ್ದಾನೆ. ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯ 1600 ಮೀಟರ್ ಓಟಕ್ಕೆಂದು ದಿನಾ ಶಾಲೆಯ ಮೈದಾನದಲ್ಲಿ ಬಿರುಸಾಗಿ ಓಡುತ್ತಾನೆ. ಮೀನಖಂಡ ನೋಯುತ್ತದೆ ಎನ್ನುತ್ತಾನೆ. ತಾಯಿಯಾಗಿ ನನಗೆ ಹೆದರಿಕೆ.

ಉತ್ತರ: ನಿಮ್ಮ ಹೆದರಿಕೆಗೆ ಕಾರಣವಿದೆ. ಇಲಿಜ್ವರ ಎಂದು ನಾವು ಕರೆಯುವ ಲೆಪ್ಟೋಸ್ಪೈರೋಸಿಸ್ ಮೀನಖಂಡದ ಸ್ನಾಯುಗಳನ್ನು ವಿಶೇಷವಾಗಿ ಬಾಧಿಸುತ್ತದೆ, ಮೂತ್ರಪಿಂಡವನ್ನೂ ಯಕೃತ್ತನ್ನೂ ಹಿಡಿಯುತ್ತದೆ. ಹೀಗೆ ನೊಂದ ಸ್ನಾಯುವಿಗೆ ಬಿರುಸಿನ ಓಟ ಕೊಟ್ಟಾಗ ಅದು ಒಡೆದು, ಅದರ ಪ್ರೋಟೀನು ರಕ್ತಕ್ಕೆ ಸೇರಿ, ಆಗಲೇ ಸೋತಿರುವ ಮೂತ್ರಪಿಂಡವನ್ನು ಮತ್ತೆ ಕೆಡಿಸಬಹುದು. ಓಟದ ನಂತರ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ವಾರವೇ ಅವನ ಕ್ರಿಯಾಟಿನಿನ್, ಮೂತ್ರ, ಬಿಲಿರುಬಿನ್ ಮತ್ತು ಸ್ನಾಯುಗಳ ಸಿಕೆ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಬರೀ ನಡಿಗೆ ಸಾಕು. ವರದಿಗಳು ಸರಿಯಿದ್ದರೆ, ತರುಣನಾದ್ದರಿಂದ ಆರರಿಂದ ಎಂಟು ವಾರಗಳಲ್ಲಿ ಹಂತಹಂತವಾಗಿ ವೇಗ ತಂದುಕೊಳ್ಳಬಹುದೆಂದು ನನ್ನ ಅಂದಾಜು. ಮೊದಲು ಮೆಲು ಓಟ, ಕೊನೆಯ ವಾರಗಳಲ್ಲಿ ಮಾತ್ರ 400 ಮೀಟರಿನ ಬಿರುಸಿನ ಸುತ್ತುಗಳು. ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದನ್ನು ಪೂರ್ತಿ ನಿಲ್ಲಿಸಬೇಕು, ಅವು ಮೂತ್ರಪಿಂಡಕ್ಕೆ ಭಾರ. ಕೆಲಸ ಸಿಗುವ ಅವಕಾಶ ಕೈತಪ್ಪಬಾರದೆಂಬ ಅವನ ತಳಮಳ ನನಗೆ ಅರ್ಥವಾಗುತ್ತದೆ. ಅವನನ್ನು ಗದರಬೇಡಿ, ಪರೀಕ್ಷೆಯ ವರದಿಯನ್ನು ಅವನ ಕೈಗೇ ಕೊಟ್ಟು ವೈದ್ಯರೆದುರು ಕೂರಿಸಿ.

ನಿಮ್ಮ ಭಾಗದವರಿಗೆ ಇನ್ನೊಂದು ಮಾತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. ಸೊಪ್ಪಿನ ಬೆಟ್ಟದ ಕಾಲುದಾರಿಗಳಲ್ಲಿ, ಒಣ ಎಲೆಗಳ ದರಕಿನ ಮೇಲೆ ಓಡುವುದನ್ನು ಈ ತಿಂಗಳುಗಳಲ್ಲಿ ಬಿಟ್ಟು ಮೈದಾನದಲ್ಲಿಯೇ ಓಡಲಿ. ಆ ಜ್ವರ ಬಂದವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ, ವಾಸಿಯಾಯಿತೆಂದುಕೊಂಡ ಮೇಲೆ ಮೂರನೆಯ ವಾರದ ಹೊತ್ತಿಗೆ ತಲೆನೋವು, ನಡುಕ, ದೃಷ್ಟಿಯ ತೊಂದರೆಗಳೊಂದಿಗೆ ಎರಡನೆಯ ಸುತ್ತು ಬರುತ್ತದೆ. ಆದ್ದರಿಂದ ಅದರಿಂದ ಎದ್ದವರು ಒಂದು ತಿಂಗಳು ಕಳೆಯದೆ ಮೈದಾನದ ಕಡೆಗೆ ಹೋಗಲೇಬಾರದು.

ಪ್ರಶ್ನೆ: ನನಗೆ 44 ವರ್ಷ, ಊರು ಕುಮಟಾ. ಭಾನುವಾರ 21 ಕಿಲೋಮೀಟರಿನ ಓಟವಿದೆ. ಶೀತ, ಸಣ್ಣ ಜ್ವರ, ಎದೆಯಲ್ಲಿ ಕಫ. ಪ್ಯಾರಾಸಿಟಮಾಲ್ ನುಂಗಿ ಓಡಬಹುದೇ? ನಿಮ್ಮ ಉತ್ತರ ಈ ಓಟಕ್ಕೆ ತಡವಾದರೂ ಮುಂದಕ್ಕೆ ತಿಳಿದಿರಲಿ ಎಂದು ಕೇಳುತ್ತಿದ್ದೇನೆ.

ಉತ್ತರ: ಓಡಬಾರದು. ಮೂಗು ಸೋರುವುದು, ಸೀನು, ಗಂಟಲಿನ ಸಣ್ಣ ಕೆರೆತ ಮಾತ್ರ ಇದ್ದು ಜ್ವರವಿಲ್ಲದಿದ್ದರೆ ಹಗುರವಾಗಿ ಓಡಲು ಅಡ್ಡಿಯಿಲ್ಲ. ಜ್ವರ, ಮೈಕೈ ನೋವು, ಎದೆಯ ಕಫ, ಭೇದಿ ಇವುಗಳಲ್ಲಿ ಒಂದಿದ್ದರೂ ಓಟ ಬೇಡ. ಮೈಯ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಹೃದಯ ನಿಮಿಷಕ್ಕೆ ಸುಮಾರು ಹತ್ತು ಬಡಿತ ಹೆಚ್ಚು ದುಡಿಯುತ್ತದೆ. ಮೇಲಿಂದ ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರದೆ ಶಾಖ ಒಳಗೇ ಉಳಿಯುತ್ತದೆ. ಪ್ಯಾರಾಸಿಟಮಾಲ್ ಥರ್ಮಾಮೀಟರಿನ ಅಂಕಿಯನ್ನು ಇಳಿಸಿದರೂ ಸೋಂಕು ಇದ್ದಲ್ಲಿಯೇ ಇರುತ್ತದೆ. ಮಾತ್ರೆಯಿಲ್ಲದೆ ಜ್ವರ ಬಾರದ ದಿನಗಳನ್ನು ಎಣಿಸಿ, ಅಂಥ ಒಂದು ವಾರ ಕಳೆದ ಮೇಲೆ ಅರ್ಧ ಗಂಟೆಯ ಮೆಲು ಓಟದಿಂದ ಮತ್ತೆ ಶುರುಮಾಡಿ. ಕಫ ಎರಡು ವಾರಕ್ಕಿಂತ ಹೆಚ್ಚು ಉಳಿದರೆ ಎದೆಯನ್ನು ಪರೀಕ್ಷೆ ಮಾಡಿಸಿಕೊಳ್ಳಿ.