‘ಹಾಕಿದ್ದೆ’, ‘ಇರಲಿಲ್ಲ’: ಇಬ್ಬರೂ ನಿಜ ಹೇಳಿದ ಜಗಳ

ಮನೆಯಲ್ಲಿ ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಕ್ಯಾಲೆಂಡರು. ಆದರೂ ‘ನಂಗ್ಯಾಕೆ ಹೇಳ್ಲಿಲ್ಲ’ ಎಂಬ ಜಗಳ ನಿಂತಿಲ್ಲ. ಇಂಥವು ಆಪ್ತಸಲಹೆಗೆ ಮೇಲಿಂದ ಮೇಲೆ ಬರುತ್ತಿವೆ. ಅದರಲ್ಲಿ ಒಂದನ್ನು, ಗುರುತು ಹತ್ತದಂತೆ ಬದಲಿಸಿ, ಇಲ್ಲಿ ಕೊಟ್ಟಿದೆ.

ಚಿಕ್ಕಮಗಳೂರಿನ ಆಲ್ದೂರು ಕಡೆಯ ದಂಪತಿ. ಪತಿ ಕಾಫಿ ತೋಟ ನೋಡಿಕೊಳ್ಳುತ್ತಾರೆ. ಆಕೆಯದು ಬೆಂಗಳೂರಿನ ಕಂಪನಿಯೊಂದರಲ್ಲಿ ಮನೆಯಿಂದಲೇ ಮಾಡುವ ಕೆಲಸ. ಆಫೀಸಿನ ಗೂಗಲ್ ಕ್ಯಾಲೆಂಡರ್, ತನ್ನ ಸ್ವಂತದ್ದು, ಮಗನ ಶಾಲೆಯದ್ದು, ಪತಿಯ ತೋಟದ್ದು, ಈ ನಾಲ್ಕನ್ನೂ ಆಕೆ ನೋಶನ್ ಕ್ಯಾಲೆಂಡರ್ ಎಂಬ ಆ್ಯಪ್‌ನಲ್ಲಿ ಒಂದೇ ಪರದೆಗೆ ತಂದುಕೊಂಡಿದ್ದರು. ಅಷ್ಟರಮಟ್ಟಿಗೆ ಸರಿಯಾದ ಕೆಲಸವೇ.

ಜಗಳಕ್ಕೆ ಕಾರಣವಾದದ್ದು ಅತ್ತೆಯ ಕಣ್ಣಿನ ತಪಾಸಣೆ. ಹಾಸನದಲ್ಲಿ ಬೆಳಿಗ್ಗೆ 10:30ಕ್ಕೆ ಡಾಕ್ಟರು ಸಿಗುತ್ತಾರೆಂದು ಪತಿ ಹಿಂದಿನ ರಾತ್ರಿ 9ಕ್ಕೆ ತಮ್ಮ ಕ್ಯಾಲೆಂಡರ್‌ಗೆ ಹಾಕಿದರು. ಕೊಯ್ಲಿನ ಕಾಲ, ತಾವು ತೋಟ ಬಿಡುವಂತಿಲ್ಲ, ಕರೆದೊಯ್ಯಬೇಕಾದವರು ಸೊಸೆ. ಆಕೆ ಅದೇ ರಾತ್ರಿ 10ಕ್ಕೆ ಕ್ಯಾಲೆಂಡರ್ ನೋಡಿ, ಬೆಳಿಗ್ಗೆ ಖಾಲಿ ಇದೆಯೆಂದು ಕ್ಲೈಂಟ್ ಕಾಲ್ ಒಪ್ಪಿಕೊಂಡರು. ಬೆಳಗಾದರೆ ಅತ್ತೆ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಾರೆ. ‘ನಿನ್ನೆ ರಾತ್ರಿನೇ ಹಾಕಿದ್ದೆ.’ ‘ಇರಲೇ ಇಲ್ಲ.’ ಆ ಮಾತು ಎರಡು ತಿಂಗಳು ಎಳೆಯಿತು. ನೋಡಿಯೂ ನೋಡಿಲ್ಲವೆಂದಳು ಎಂದು ಅವರು, ಹಾಕದೆಯೇ ಹಾಕಿದೆನೆಂದರು ಎಂದು ಈಕೆ.

ಮೂರನೆಯ ಭೇಟಿಯಲ್ಲಿ ಇಬ್ಬರ ಫೋನನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿಸಲಾಯಿತು. ಪತಿ ತಮ್ಮದರಲ್ಲಿ ‘ಪರೀಕ್ಷೆ’ ಎಂದು ಒಂದು ನಮೂದು ಹಾಕಿದರು. ಆಗ ಗಂಟೆ 4:10. ಅವರ ಪರದೆಯಲ್ಲಿ ಕೂಡಲೇ ಬಂತು. ಆಕೆಯದರಲ್ಲಿ ಇಲ್ಲ. ಬೇರೆ ವಿಷಯ ಮಾತಾಡುತ್ತ 40 ನಿಮಿಷ ಕಳೆದರೂ ಇಲ್ಲ.

ಕಾರಣ ಇಷ್ಟೇ. ಪತಿಯ ಕ್ಯಾಲೆಂಡರಿನ ‘ಸೀಕ್ರೆಟ್ ಅಡ್ರೆಸ್’ ಎಂಬ ಐಕ್ಯಾಲ್ ಕೊಂಡಿಯನ್ನು, ಅಂದರೆ ಆ ಕ್ಯಾಲೆಂಡರನ್ನು ಬೇರೆಡೆಯಿಂದ ಓದಲು ಬಿಡುವ ವೆಬ್ ವಿಳಾಸವನ್ನು, ಆಕೆ ತಮ್ಮ ಗೂಗಲ್ ಖಾತೆಯಲ್ಲಿ ‘ಫ್ರಮ್ ಯುಆರ್‌ಎಲ್’ (ವಿಳಾಸ ಕೊಟ್ಟು ಸೇರಿಸುವ ಆಯ್ಕೆ) ಮೂಲಕ ಸೇರಿಸಿದ್ದರು. ಹಾಗೆ ಸೇರಿಸಿದ್ದನ್ನು ಗೂಗಲ್ ತನಗೆ ಬೇಕಾದಾಗ ಮಾತ್ರ ಹೋಗಿ ನೋಡಿ ಬರುತ್ತದೆ. ಹಲವು ಗಂಟೆಯಾಗಬಹುದು, ಒಮ್ಮೊಮ್ಮೆ ಒಂದು ದಿನವೇ ಹಿಡಿಯಬಹುದು. ನೋಶನ್ ಕ್ಯಾಲೆಂಡರ್ ಇದನ್ನು ಗೂಗಲ್‌ನಿಂದಲೇ ತಂದು ತೋರಿಸುತ್ತದೆ, ಆದ್ದರಿಂದ ಅಲ್ಲಿ ಎಷ್ಟು ರಿಫ್ರೆಶ್ ಒತ್ತಿದರೂ ಪ್ರಯೋಜನವಿಲ್ಲ.

ಪತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಇವಳು ಸುಳ್ಳು ಹೇಳಿರ್ಲಿಲ್ಲ’ ಎಂದರು.

‘ನೀವೂ ಹೇಳಿರ್ಲಿಲ್ಲ ರೀ,’ ಎಂದರು ಆಕೆ. ‘ಆದ್ರೆ ರಾತ್ರಿ 9 ಗಂಟೆಗೆ ನಾನು ಪಕ್ಕದ ರೂಮಲ್ಲೇ ಇದ್ನಲ್ಲ.’

ಸಲಹೆಯೆಲ್ಲ ಹುಟ್ಟಿದ್ದು ಈ ಮಾತಿನಿಂದ. ಆಪ್ತಸಮಾಲೋಚಕರಿಗೆ ಫೋನ್ ರಿಪೇರಿಯ ಉಸಾಬರಿ ಯಾಕೆ ಎಂದು ಈ ವೃತ್ತಿಯವರೇ ಕೆಲವರು ಕೇಳುವುದುಂಟು. ಯಂತ್ರದ ತಪ್ಪು ಯಾವುದು, ಮನುಷ್ಯರದು ಯಾವುದು ಎಂದು ಮೊದಲು ಬೇರ್ಪಡಿಸದಿದ್ದರೆ ಗೂಗಲ್ ಮಾಡಿದ ತಡವನ್ನೂ ಗಂಡನ ತಾತ್ಸಾರದ ಲೆಕ್ಕಕ್ಕೇ ಬರೆಯುತ್ತೇವೆ. ಯಂತ್ರದ ಪಾಲನ್ನು ತೆಗೆದಿಟ್ಟ ಮೇಲೂ ಪಕ್ಕದ ರೂಮಿನ ಪ್ರಶ್ನೆ ಉಳಿಯಿತು. ಆಪ್ತಸಲಹೆಯ ಕೆಲಸ ಶುರುವಾದದ್ದು ಅಲ್ಲಿಂದ.

ಮೊದಲು ಕೊಂಡಿ ತೆಗೆಸಲಾಯಿತು. ಆ ಗುಟ್ಟಿನ ವಿಳಾಸ ಯಾರ ಕೈಗೆ ಸಿಕ್ಕರೂ ಎಲ್ಲ ವಿವರ ಓದಬಹುದು, ಹಾಗಾಗಿ ಅದರ ಪಕ್ಕದಲ್ಲೇ ಇರುವ ರೀಸೆಟ್ ಕೂಡ ಒತ್ತಿಸಲಾಯಿತು. ಆಮೇಲೆ ಪತಿ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು, ಎಡಗಡೆ ತೋಟದ ಕ್ಯಾಲೆಂಡರಿನ ಹೆಸರಿನ ಮುಂದಿರುವ ಮೂರು ಚುಕ್ಕಿ ಒತ್ತಿ, ‘ಸೆಟ್ಟಿಂಗ್ಸ್ ಅಂಡ್ ಶೇರಿಂಗ್’ಗೆ ಹೋಗಿ ಆಕೆಯ ಇಮೇಲ್ ಸೇರಿಸಿದರು. ತೋಟದ್ದಕ್ಕೆ ಎಲ್ಲ ವಿವರ ನೋಡುವ ಹಕ್ಕು ಸಾಕು. ಮನೆಯದ್ದೆಂದು ಹೊಸದೊಂದನ್ನು ಮಾಡಿ, ಅದಕ್ಕೆ ಮಾತ್ರ ಇಬ್ಬರಿಗೂ ನಮೂದು ಬದಲಿಸುವ ಹಕ್ಕು. ಹೀಗೆ ನೇರ ಹಂಚಿಕೊಂಡರೆ ಸಾಮಾನ್ಯವಾಗಿ ಕ್ಷಣಗಳಲ್ಲೇ ಕಾಣುತ್ತದೆ.

ಆಫೀಸಿನದ್ದನ್ನು ಮನೆಯವರೊಂದಿಗೆ ಹಂಚುವುದು ಬೇಡ, ಮನೆಯದ್ದನ್ನು ಆಫೀಸಿಗೂ ಬೇಡ. ಆಫೀಸಿನವರಿಗೆ ಆ ಹೊತ್ತು ‘ಬಿಜಿ’ ಎಂದು ಕಂಡರೆ ಸಾಲದೇ, ಅತ್ತೆಯ ಕಣ್ಣಿನ ಕಥೆ ಅವರಿಗೇಕೆ? ಮೀಟಿಂಗುಗಳನ್ನು ಮನೆಯ ಕ್ಯಾಲೆಂಡರಿಗೆ ಕೈಯಿಂದ ನಕಲು ಮಾಡುವ ಅಭ್ಯಾಸವನ್ನೂ ಬಿಡಿಸಲಾಯಿತು. ಉದಾಹರಣೆಗೆ, ನ್ಯೂಯಾರ್ಕಿನವರು ಇಟ್ಟ ಮೀಟಿಂಗು ಅಲ್ಲಿ ಬೆಳಿಗ್ಗೆ 9ಕ್ಕಾದರೆ ಚಳಿಗಾಲದಲ್ಲಿ ನಮಗೆ ಸಂಜೆ 7:30. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರ ಮುಂದೆ ಹೋದರೆ ಅದೇ 6:30. ಮೂಲ ನಮೂದು ತಾನಾಗಿ ಸರಿಯುತ್ತದೆ, ನಕಲು 7:30ರಲ್ಲೇ ಕೂತಿರುತ್ತದೆ. ನೋಡುವುದು ಒಂದೇ ಕಡೆ ಇರಲಿ, ಬರೆಯುವುದು ಅದರದರ ಜಾಗದಲ್ಲೇ.

ಅತ್ತೆಯ ಏಕಾದಶಿ, ಅಮಾವಾಸ್ಯೆ, ಹಾಲಿನ ಲೆಕ್ಕ ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲೇ ಇದ್ದವು. ಅದನ್ನು ಮುಟ್ಟಲಿಲ್ಲ.

ಪಕ್ಕದ ರೂಮಿನ ಪ್ರಶ್ನೆಗೆ ಕೊಟ್ಟದ್ದು ಎರಡು ಕಟ್ಟಳೆ. ಇನ್ನೊಬ್ಬರು ಮಾಡಬೇಕಾದ ಕೆಲಸವಾದರೆ ಸುಮ್ಮನೆ ಹಾಕುವಂತಿಲ್ಲ, ಅವರನ್ನು ಗೆಸ್ಟ್ ಎಂದು ಸೇರಿಸಿ ಆಹ್ವಾನ ಕಳಿಸಬೇಕು. ಅವರು ‘ಯೆಸ್’ ಒತ್ತುವವರೆಗೆ ಒಪ್ಪಿದಂತಲ್ಲ. 24 ಗಂಟೆಯೊಳಗಿನದ್ದಾದರೆ ಬಾಯಿಬಿಟ್ಟು ಹೇಳಲೇಬೇಕು. ಪತಿಗೆ ಮೊದಲನೆಯದು ಹಿಡಿಸಲಿಲ್ಲ. ‘ಮನೆಯವಳಿಗೇ ಇನ್ವಿಟೇಶನ್ನಾ?’ ಎಂದರು. ತೋಟದ ಕೆಲಸ, ಲೆಕ್ಕ ನೋಡುವ ರೈಟರಿಗೂ ನಾಳೆಯ ಕೆಲಸವನ್ನು ಕೇಳಿಯೇ ಒಪ್ಪಿಸುತ್ತೀರಲ್ಲ ಎಂದದ್ದಕ್ಕೆ ಉತ್ತರ ಬರಲಿಲ್ಲ. ಆ ಮಾತು ತುಸು ಖಾರವಾಯಿತು, ನಿಜ. ಆದರೂ ಆ ಕಟ್ಟಳೆಯನ್ನು ಸಡಿಲಿಸಲಿಲ್ಲ. ಕ್ಯಾಲೆಂಡರಿಗೆ ಹಾಕಿದರೆ ಕೇಳಿದ ಹಾಗೇ ಆಯಿತು ಎಂದುಕೊಳ್ಳುವ ಗಂಡಂದಿರು ಅವರೊಬ್ಬರೇ ಅಲ್ಲ.

ನಾಲ್ಕು ವಾರದ ನಂತರ ಬಂದಾಗ ಅತ್ತೆಯ ಮುಂದಿನ ತಪಾಸಣೆಯ ಆಹ್ವಾನಕ್ಕೆ ಆಕೆ ‘ನೋ’ ಒತ್ತಿದ್ದರು, ಆ ದಿನ ಆಫೀಸಿನಲ್ಲಿ ರಿವ್ಯೂ ಇತ್ತು. ಪತಿ ಡಾಕ್ಟರಿಗೆ ಫೋನ್ ಮಾಡಿ ಗುರುವಾರಕ್ಕೆ ಹಾಕಿಸಿಕೊಂಡಿದ್ದರು.