ಮೆಂಡೋಸಾದಲ್ಲಿ ಸೈಕಲ್ ಮೇಲೆ ವೈನರಿ ಸುತ್ತಬಹುದಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಅರ್ಜೆಂಟೀನಾದ ಮೆಂಡೋಸಾದಲ್ಲಿ ಬಾಡಿಗೆ ಸೈಕಲ್ ಹಿಡಿದು ಒಂದೇ ದಿನ ಐದಾರು ವೈನರಿ ನೋಡಬಹುದಾ? ಕುಡಿದು ತುಳಿದರೆ ಏನಾದರೂ ತೊಂದರೆ ಆಗುತ್ತಾ? ಮೊದಲನೆಯದಕ್ಕೆ ನನ್ನ ಉತ್ತರ: ಬೇಡ, ಎರಡು ಸಾಕು. ಎರಡನೆಯದಕ್ಕೆ: ಆಗುತ್ತೆ. ನಾನು ಕಾಲುವೆಗೆ ಬಿದ್ದಿದ್ದೇನೆ.

ನಾನು ಹೋಗಿದ್ದು ಮಾರ್ಚ್‌ನಲ್ಲಿ. ಅಲ್ಲಿ ಅದು ದ್ರಾಕ್ಷಿ ಸುಗ್ಗಿ. ಊರಿನಿಂದ ಟ್ರಾಮ್ ಹತ್ತಿ ಮೈಪುವಿಗೆ ಹೋದರೆ ಅಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತೆ. ರಸ್ತೆ ಹೆಚ್ಚುಕಮ್ಮಿ ಸಪಾಟು. ಎರಡೂ ಕಡೆ ಮರಗಳ ಸಾಲು, ದೂರದಲ್ಲಿ ಆಂಡೀಸ್ ಪರ್ವತ. ಮೂರನೇ ಬೊದೇಗಾದಿಂದ (ವೈನರಿಗೆ ಅಲ್ಲಿ ಹಾಗೆ ಅಂತಾರೆ) ಹೊರಬಂದಾಗ ಮಧ್ಯಾಹ್ನ ಎರಡು ಗಂಟೆ. ಹಿಂದಿನಿಂದ ಬಂದ ದ್ರಾಕ್ಷಿ ಲಾರಿಗೆ ದಾರಿ ಬಿಡೋಣ ಅಂತ ಪಕ್ಕಕ್ಕೆ ಸರಿದೆ. ಮುಂದಿನ ಚಕ್ರ ಸೀದಾ ಕಾಲುವೆಗೆ ಇಳಿಯಿತು, ಹಿಂದೆಯೇ ನಾನು. ಮೊಣಕಾಲು ತರಚಿತು. ನೀರು ಎಷ್ಟು ತಣ್ಣಗಿತ್ತು ಅಂದರೆ ಅಮಲೆಲ್ಲ ಅಲ್ಲೇ ಇಳಿದುಹೋಯಿತು.

ಸ್ವಲ್ಪ ಮುಂದೆ ಒಬ್ಬ ಅಜ್ಜ ಸಲಿಕೆ ಹಿಡಿದು ಕಬ್ಬಿಣದ ಪುಟ್ಟ ತೂಬು ಎತ್ತುತ್ತಿದ್ದ. ಬಂದು ಮೊದಲು ಸೈಕಲ್ ಎತ್ತಿದ, ಆಮೇಲೆ ನನ್ನನ್ನು! ಸರದಿ ಪ್ರಕಾರ ತೋಟಗಳಿಗೆ ನೀರು ಬಿಡುವವನಿಗೆ ಅಲ್ಲಿ ತೊಮೆರೋ ಅಂತಾರೆ. ನಮ್ಮ ಕೋಲಾರದ ಕಡೆಯ ನೀರುಗಂಟಿ ಇದ್ದ ಹಾಗೆ.

ನಿಜ ಹೇಳಬೇಕಂದರೆ, ಆ ಊರು ನನಗೆ ಅರ್ಥವಾಗಿದ್ದೇ ಆ ಕಾಲುವೆಯಿಂದ. ಮೆಂಡೋಸಾ ಅರೆ ಮರುಭೂಮಿ. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ, ಅಷ್ಟೇ. ಬರದ ಸೀಮೆ ಅನ್ನಿಸಿಕೊಂಡ ಚಿತ್ರದುರ್ಗದಲ್ಲೂ ಇದರ ಎರಡರಷ್ಟಕ್ಕಿಂತ ಹೆಚ್ಚು ಬೀಳುತ್ತೆ. ಅಲ್ಲಿ ದ್ರಾಕ್ಷಿ ಬೆಳೆಯುವುದು ಆಂಡೀಸ್‌ನ ಹಿಮ ಕರಗಿ ಬರುವ ನೀರಿನಿಂದ. ಸ್ಪೇನಿನವರು ಬರುವ ಮೊದಲೇ ವಾರ್ಪೆ ಜನ ಇಲ್ಲಿ ಕಾಲುವೆ ತೋಡಿದ್ದರು. ಈಗ ಪೇಟೆಯ ಫುಟ್‌ಪಾತ್ ಪಕ್ಕದಲ್ಲೂ ಅಸೇಕಿಯಾ ಅನ್ನುವ ಈ ಕಾಲುವೆಗಳಿವೆ. ಆ ಮರಗಳು ನಿಂತಿರುವುದೂ ಇದೇ ನೀರಿನ ಮೇಲೆ. ಪ್ರಸಿದ್ಧ ಮಾಲ್ಬೆಕ್ ದ್ರಾಕ್ಷಿ ತಳಿ 1853ರ ಹೊತ್ತಿಗೆ ಫ್ರಾನ್ಸಿನಿಂದ ಬಂದಿದ್ದು. ಬಳ್ಳಿ ಹೊರಗಿನದು, ನೀರಿನ ಲೆಕ್ಕ ಅಲ್ಲಿಯದೇ.

ಕುಡಿದು ತುಳಿದರೆ ಬೀಳುವುದು ಇಂಥ ಕಾಲುವೆಗೇ. ಅದಕ್ಕೇ ಎರಡು ಸಾಕು ಅಂದಿದ್ದು, ಬೆಳಿಗ್ಗೆ ಒಂದು ಬೊದೇಗಾ, ಊಟ ಆದ ಮೇಲೆ ಇನ್ನೊಂದು. ಮೊದಲೇ ಬುಕ್ ಮಾಡಿ. ಭಾನುವಾರ ಸುಮ್ನೆ ಹೋಗಬೇಡಿ, ಎಷ್ಟೋ ಕಡೆ ಬಾಗಿಲು ಹಾಕಿರುತ್ತೆ. ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ನಾಚಿಕೆ ಬೇಡ. ಸಸ್ಯಾಹಾರಿಯಾದರೆ ಉಮೀತಾ ಎಂಪನಾಡ ಕೇಳಿ. ಒಳಗೆ ಮೆಕ್ಕೆಜೋಳದ ಹೂರಣ, ನಮ್ಮ ಕರಿಗಡುಬಿನದೇ ಆಕಾರ. ಝೋಂಡಾ ಅನ್ನುವ ಬಿಸಿ ಗಾಳಿ ಎದ್ದ ದಿನ ಮಾತ್ರ ಸೈಕಲ್ ಮುಟ್ಟಬೇಡಿ, ಕಣ್ಣಿಗೆಲ್ಲ ಧೂಳು.

ಇನ್ನೊಂದು ಮಾತು. ಪಾಸ್‌ಪೋರ್ಟ್ ಹಾಸ್ಟೆಲ್‌ನಲ್ಲೇ ಇಟ್ಟು ಜೆರಾಕ್ಸ್ ತಗೊಂಡು ಹೋಗಿ. ಬಿದ್ದಾಗ ನನ್ನದು ಕಿಸೆಯಲ್ಲಿತ್ತು. ಹಾಳೆಗಳು ಈಗಲೂ ಹಪ್ಪಳದ ಹಾಗೆ ಉಬ್ಬಿಕೊಂಡಿವೆ. ಇಮಿಗ್ರೇಷನ್ ಕೌಂಟರ್‌ನಲ್ಲಿ ಕೂತವರು ಒಮ್ಮೆ ಅದನ್ನು ನೋಡ್ತಾರೆ, ಒಮ್ಮೆ ನನ್ನನ್ನು.