ಕಾಲ್ಬೆರಳಿಗೆ ಪೆಟ್ಟಾದಾಗ ಡಾಕ್ಟರ ಹತ್ತಿರ ಹೋಗಬೇಕೋ, ಮನೆಯಲ್ಲೇ ನೋಡಿಕೊಳ್ಳಬಹುದೋ?

ನೀವು ಬರೆದಿರುವುದು ಇಷ್ಟು: ರಾತ್ರಿ ಕತ್ತಲಲ್ಲಿ ಮಂಚದ ಕಾಲಿಗೆ ಬಲಗಾಲಿನ ಕಿರುಬೆರಳು ಬಡಿದಿದೆ. ಬೆಳಗಾಗುವಷ್ಟರಲ್ಲಿ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿದೆ. ಅಲ್ಲಾಡಿಸಲು ಬರುತ್ತದೆ, ಹಿಮ್ಮಡಿ ಊರಿಕೊಂಡು ನಡೆಯಲೂ ಆಗುತ್ತದೆ. ಮೂಳೆ ಮುರಿದಿದೆಯೋ, ಎಕ್ಸ್‌ರೇ ತೆಗೆಸಬೇಕೋ ಎಂದು ಕೇಳಿದ್ದೀರಿ.

ಬೆರಳು ನೆಟ್ಟಗಿದೆ, ಚರ್ಮ ಹರಿದಿಲ್ಲ, ಉಗುರು ಅದರ ಜಾಗದಲ್ಲೇ ಇದೆ, ತುದಿ ಬೆಚ್ಚಗಿದೆ, ಮುಟ್ಟಿದರೆ ಗೊತ್ತಾಗುತ್ತದೆ, ನಿಮಗೆ ಸಕ್ಕರೆ ಕಾಯಿಲೆ ಇಲ್ಲ ಅಂತಾದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಕಾರಣ ಸರಳ. ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳಲ್ಲಿ ಮೂಳೆ ಬಿರುಕು ಬಿಟ್ಟಿರಲಿ, ಬರೀ ಉಳುಕಿರಲಿ, ತುಂಡು ಸರಿಯಾದ ಜಾಗದಲ್ಲೇ ಇದ್ದರೆ ಮಾಡುವ ಚಿಕಿತ್ಸೆ ಒಂದೇ: ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತುವುದು, ಗಟ್ಟಿ ಅಡಿಯ ಚಪ್ಪಲಿ ಹಾಕಿಕೊಳ್ಳುವುದು, ಕಾಯುವುದು. ಎಕ್ಸ್‌ರೇಯಲ್ಲಿ ಗೆರೆ ಕಂಡರೂ ಡಾಕ್ಟರು ಅದನ್ನೇ ಹೇಳುತ್ತಾರೆ. ಹಾಗಾಗಿ ನಾನು ಇಂಥ ಬೆರಳನ್ನು ನೋಡುವಾಗ ಮುರಿದಿದೆಯೋ ಇಲ್ಲವೋ ಎಂಬುದಕ್ಕೆ ಮೊದಲ ಸ್ಥಾನ ಕೊಡುವುದಿಲ್ಲ. ಯಾವ ಬೆರಳು, ನೆಟ್ಟಗಿದೆಯೇ, ಒಳಗೆ ಕೊಳೆ ಹೋಗಲು ದಾರಿಯಾಗಿದೆಯೇ, ರಕ್ತ ಓಡುತ್ತಿದೆಯೇ, ಯಾರ ಕಾಲು ಎಂಬುದನ್ನು ಮೊದಲು ನೋಡುತ್ತೇನೆ.

ಆದರೂ "ಅಲ್ಲಾಡಿಸಲು ಬಂದರೆ ಮುರಿದಿಲ್ಲ" ಎಂಬ ನಂಬಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಬೆರಳನ್ನು ಮಡಿಸಿ ನೀಡುವ ಸ್ನಾಯುಗಳು ಪಾದದಲ್ಲೂ ಮೊಣಕಾಲಿನ ಕೆಳಗೂ ಇರುತ್ತವೆ, ಬೆರಳಿಗೆ ಬರುವುದು ಅವುಗಳ ಸ್ನಾಯುರಜ್ಜು ಮಾತ್ರ. ಮೂಳೆಯಲ್ಲಿ ಬಿರುಕಿದ್ದರೂ ರಜ್ಜು ಎಳೆದಾಗ ಬೆರಳು ಅಲ್ಲಾಡುತ್ತದೆ. ಮುರಿದಿರುವ ಸಾಧ್ಯತೆ ಎಷ್ಟು ಎಂದು ತಿಳಿಯಬೇಕೆಂದರೆ ಎರಡು ಕೆಲಸ ಮಾಡಿ. ಒಂದು, ಪೆನ್ನಿನ ಹಿಂಭಾಗದಿಂದ ಬೆರಳ ಬುಡದಿಂದ ತುದಿಯವರೆಗೆ ಮೂಳೆಯ ಮೇಲೆಯೇ ಮೆಲ್ಲಗೆ ಒತ್ತುತ್ತಾ ಬನ್ನಿ. ಉಳುಕಾದರೆ ನೋವು ಗೆಣ್ಣಿನ ಸುತ್ತ ಹರಡಿಕೊಂಡಿರುತ್ತದೆ, ಬಿರುಕಾದರೆ ಒಂದೇ ಬಿಂದುವಿನಲ್ಲಿ ಚುಚ್ಚಿದಂತೆ ಸಿಗುತ್ತದೆ. ಎರಡು, ಬೆರಳ ತುದಿಯನ್ನು ಹಿಡಿದು ಹಿಮ್ಮಡಿಯ ಕಡೆಗೆ ನೇರವಾಗಿ, ಹಗುರವಾಗಿ ತಳ್ಳಿ. ಊದಿದ ಜಾಗವನ್ನು ಮುಟ್ಟದೆ ಹೀಗೆ ತಳ್ಳಿದಾಗಲೂ ಅದೇ ಬಿಂದುವಿನಲ್ಲಿ ನೋವು ಬಂದರೆ ಬಿರುಕು ಎಂದೇ ಲೆಕ್ಕಕ್ಕೆ ತೆಗೆದುಕೊಂಡು ವಾರಗಟ್ಟಲೆ ಜೋಪಾನ ಮಾಡಿ.

ಈಗ ಮುಖ್ಯ ಪರೀಕ್ಷೆಗಳು. ಒಳ್ಳೆಯ ಬೆಳಕಿನಲ್ಲಿ ಎರಡೂ ಪಾದಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಪೆಟ್ಟಾದ ಬೆರಳು ಹೊರಕ್ಕೆ ಓರೆಯಾಗಿದೆಯೇ, ಪಕ್ಕದ ಬೆರಳಿನ ಮೇಲೆ ಹತ್ತಿದೆಯೇ ಅಥವಾ ಕೆಳಗೆ ನುಸುಳಿದೆಯೇ? ಉಗುರುಗಳನ್ನು ಮುಂದಿನಿಂದ ನೋಡಿ. ಇನ್ನೊಂದು ಕಾಲಿನ ಅದೇ ಬೆರಳಿಗೆ ಹೋಲಿಸಿದರೆ ಉಗುರು ಒಂದು ಪಕ್ಕಕ್ಕೆ ತಿರುಗಿದಂತಿದ್ದರೆ ಮೂಳೆ ತಿರುಚಿಕೊಂಡಿರಬಹುದು. ಕಿರುಬೆರಳು ಹುಟ್ಟಿನಿಂದಲೇ ಡೊಂಕಾಗಿರುವವರು ಬಹಳ ಜನ ಇರುವುದರಿಂದ ಈ ಹೋಲಿಕೆಯನ್ನು ಬಿಡಬೇಡಿ. ಪೆಟ್ಟಿನಿಂದಲೇ ಓರೆಯಾಗಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಯಾರ ಕೈಯಲ್ಲೂ ಎಳೆಸಿ ಸರಿಮಾಡಿಸಿಕೊಳ್ಳಬೇಡಿ. ಕೀಲು ತಪ್ಪಿದೆಯೋ ಮೂಳೆ ಮುರಿದಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ, ಮುರಿದ ಮೂಳೆಯನ್ನು ಎಳೆದರೆ ಅದರ ಚೂಪು ತುದಿ ರಕ್ತನಾಳಕ್ಕೋ ನರಕ್ಕೋ ತಾಗಬಹುದು.

ಆಮೇಲೆ ರಕ್ತದ ಓಟ. ಬೆರಳ ತುದಿಯ ಮೆತ್ತನೆ ಭಾಗವನ್ನು ಬಿಳಿಚುವವರೆಗೆ ಒತ್ತಿ ಬಿಡಿ. ಸುಮಾರು 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಪಾದ ತಣ್ಣಗಿದ್ದರೆ ತಡವಾಗುವುದು ಸಹಜ, ಆಗ ಪಕ್ಕದ ಬೆರಳಲ್ಲೂ ಒತ್ತಿ ನೋಡಿ. ಪೆಟ್ಟಾದ ಬೆರಳು ಮಾತ್ರ ತಣ್ಣಗೆ, ಬಿಳಿಚಿ ಅಥವಾ ನೀಲಿಗಟ್ಟಿ ಇದ್ದರೆ, ಹತ್ತಿಯಿಂದ ಸವರಿದರೆ ಗೊತ್ತಾಗದಷ್ಟು ಮರಗಟ್ಟಿದ್ದರೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ನಿಮ್ಮ ಬೆರಳಿನ ನೇರಳೆ ಬಣ್ಣ ಬೇರೆ. ಅದು ಚರ್ಮದಡಿ ಒಸರಿದ ರಕ್ತ. ಮುಂದಿನ ದಿನಗಳಲ್ಲಿ ಪಕ್ಕದ ಬೆರಳಿಗೂ ಪಾದದ ಮೇಲ್ಭಾಗಕ್ಕೂ ಇಳಿದು, ಹಸಿರಾಗಿ, ಹಳದಿಯಾಗಿ ಮಾಸುತ್ತದೆ. ಬೆರಳು ಬೆಚ್ಚಗಿದ್ದರೆ ಆ ಹರಡುವಿಕೆಗೆ ಹೆದರಬೇಕಿಲ್ಲ.

ಪೆಟ್ಟಾಗಿರುವುದು ಹೆಬ್ಬೆರಳಿಗಾಗಿದ್ದರೆ ನನ್ನ ಉತ್ತರ ಬದಲಾಗುತ್ತಿತ್ತು. ಹೆಜ್ಜೆ ಮುಂದಿಡುವಾಗ ನೆಲವನ್ನು ಒದೆಯುವುದು ಹೆಬ್ಬೆರಳು, ಉಳಿದ ಯಾವ ಬೆರಳಿಗಿಂತಲೂ ಹೆಚ್ಚು ಭಾರ ಹೊರುವುದೂ ಅದೇ. ಅಲ್ಲಿ ಗೆಣ್ಣಿನೊಳಗೆ ಹೋದ ಬಿರುಕು ವಕ್ರವಾಗಿ ಕೂಡಿಕೊಂಡರೆ ಮುಂದೆ ಕೀಲು ಬಿಗಿದುಕೊಂಡು ನಡಿಗೆಯೇ ಕೆಡುತ್ತದೆ. ಹೆಬ್ಬೆರಳು ಚೆನ್ನಾಗಿ ಊದಿ, ಮೂಳೆಯ ಮೇಲೆ ಒತ್ತಿದರೆ ನೋವಿದ್ದರೆ ಎಕ್ಸ್‌ರೇ ತೆಗೆಸಿಯೇ ಬಿಡಿ. ಮಕ್ಕಳ ವಿಷಯದಲ್ಲೂ ಹಾಗೆಯೇ, ಏಕೆಂದರೆ ಅವರ ಮೂಳೆಯ ಬುಡದಲ್ಲಿ ಬೆಳವಣಿಗೆಯ ಪದರ ಇರುತ್ತದೆ. ಅದರಲ್ಲೂ ಮಗುವಿನ ಉಗುರಿನ ಬುಡದಿಂದ ರಕ್ತ ಬರುತ್ತಿದ್ದರೆ, ಉಗುರಿನ ಬೇರು ಚರ್ಮದ ಮಡಿಕೆಯಿಂದ ಮೇಲಕ್ಕೆದ್ದಿದ್ದರೆ, ಕೆಳಗೆ ಆ ಪದರವೇ ಒಡೆದು ಗಾಯಕ್ಕೆ ತೆರೆದುಕೊಂಡಿರಬಹುದು. ನೋಡಲು ಬರೀ ಉಗುರಿನ ಗಾಯದಂತಿರುವುದರಿಂದ ಬ್ಯಾಂಡೇಜ್ ಸುತ್ತಿ ಸುಮ್ಮನಾಗುತ್ತಾರೆ, ಆಮೇಲೆ ಮೂಳೆಗೆ ಸೋಂಕು ಇಳಿಯುತ್ತದೆ. ಇದನ್ನು ಮರುದಿನಕ್ಕೂ ಬಿಡಬಾರದು.

ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತನಾಳ ಕಿರಿದಾಗಿರುವವರು, ಪಾದದಲ್ಲಿ ಸ್ಪರ್ಶ ಕಡಿಮೆಯಾದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಸಣ್ಣ ಪೆಟ್ಟನ್ನೂ ಡಾಕ್ಟರಿಗೆ ತೋರಿಸಬೇಕು. ಅವರಲ್ಲಿ ನೋವು ಕಡಿಮೆ ಇರುವುದು ಒಳ್ಳೆಯ ಸುದ್ದಿಯಲ್ಲ, ನರ ಸುದ್ದಿ ಮುಟ್ಟಿಸುತ್ತಿಲ್ಲ ಎಂದೂ ಇರಬಹುದು. ಕೆಳಗೆ ಹೇಳುವ ಐಸ್ ಮತ್ತು ಟೇಪ್ ಎರಡನ್ನೂ ಅವರು ಕೇಳದೆ ಮಾಡಬಾರದು.

ಇನ್ನೊಂದು ಮಾತು. ನೋವು ನಿಜವಾಗಿಯೂ ಬೆರಳಿನಲ್ಲೇ ಇದೆಯೇ ನೋಡಿಕೊಳ್ಳಿ. ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿಗೂ ಹಿಮ್ಮಡಿಗೂ ನಡುವೆ, ಒಂದು ಮೂಳೆಯ ಉಬ್ಬು ಕೈಗೆ ಸಿಗುತ್ತದೆ. ಅಲ್ಲಿ ಒತ್ತಿದರೆ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆಯನ್ನೂ ಇಡಲು ಆಗದಿದ್ದರೆ, ಅಥವಾ ಅಂಗಾಲಿನ ನಡುವೆ ರಕ್ತ ಕರಿಗಟ್ಟಿದ್ದರೆ ಅದು ಪಾದದ ಮೂಳೆಯ ಪೆಟ್ಟಿರಬಹುದು. ಅದಕ್ಕೆ ಎಕ್ಸ್‌ರೇ ಬೇಕು, ಟೇಪಿನಿಂದ ವಾಸಿಯಾಗುವುದಿಲ್ಲ.

ಚರ್ಮ ಹರಿದಿದ್ದರೆ ಸ್ವಚ್ಛ ಬಟ್ಟೆಯಿಂದ 10 ರಿಂದ 15 ನಿಮಿಷ ಬಿಡದೆ ಒತ್ತಿಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಕಟ್ಟುತ್ತಿರುವ ಹೆಪ್ಪು ಕಿತ್ತುಬರುತ್ತದೆ. ರಕ್ತ ನಿಂತ ಮೇಲೆ ಹರಿಯುವ ಕುಡಿಯುವ ನೀರಿನಲ್ಲಿ ಕೆಲವು ನಿಮಿಷ ತೊಳೆಯಿರಿ, ಸೋಪು ಸುತ್ತಲಿನ ಚರ್ಮಕ್ಕೆ ಸಾಕು. ಗಾಯದೊಳಗೆ ಯಾವ ಪುಡಿಯನ್ನೂ ತುಂಬಬೇಡಿ. ಬಾಯಿ ಬಿಟ್ಟುಕೊಂಡ ಗಾಯ, ಒಳಗೆ ಬಿಳಿಯದು ಕಾಣುವ ಗಾಯ, ಒತ್ತಿದರೂ ನಿಲ್ಲದ ರಕ್ತ, ಊದಿದ ಬೆರಳಿನ ಮೇಲೆಯೇ ಆಳವಾದ ಸೀಳು ಇದ್ದರೆ ಅದೇ ದಿನ ತೋರಿಸಿ. ಮೂಳೆ ಮುರಿತಕ್ಕೂ ಹೊರಗಿನ ಗಾಳಿಗೂ ದಾರಿಯಾಗಿದ್ದರೆ ಆಂಟಿಬಯಾಟಿಕ್ ಬೇಕಾಗುತ್ತದೆ. ಟೆಟನಸ್ ಲಸಿಕೆಯ ವಿಷಯವನ್ನೂ ಆಗಲೇ ಕೇಳಿ: ಹಿಂದಿನ ಸರಣಿ ಪೂರ್ತಿಯಾಗಿದ್ದರೂ ಸ್ವಚ್ಛವಾದ ಸಣ್ಣ ಗಾಯಕ್ಕೆ ಕೊನೆಯ ಡೋಸ್‌ನಿಂದ 10 ವರ್ಷ, ಮಣ್ಣು ಕೊಳೆ ಸೇರಿದ ಗಾಯಕ್ಕೆ 5 ವರ್ಷ ದಾಟಿದ್ದರೆ ಸಾಮಾನ್ಯವಾಗಿ ಮತ್ತೊಂದು ಕೊಡುತ್ತಾರೆ.

ಉಗುರಿನಡಿ ರಕ್ತ ಕಟ್ಟಿ ಕಪ್ಪಾಗುವುದು ತೀರಾ ಸಾಮಾನ್ಯ. ಉಗುರು ಗಟ್ಟಿಯಾಗಿ ಕೂತಿದ್ದು ನೋವು ತಡೆಯುವಂತಿದ್ದರೆ ಅದನ್ನು ಹಾಗೇ ಬಿಡಿ. ಆದರೆ ಕೆಲವೊಮ್ಮೆ ರಕ್ತಕ್ಕೆ ಹೊರಗೆ ಹೋಗಲು ಜಾಗವಿಲ್ಲದೆ ಒತ್ತಡ ಏರಿ, ನಾಡಿ ಬಡಿದಂತೆ ಸಿಡಿಯುವ ನೋವು ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಅಂಥದಕ್ಕೆ ಡಾಕ್ಟರು ಉಗುರಿನಲ್ಲಿ ಸಣ್ಣ ತೂತು ಮಾಡಿ ರಕ್ತ ಬಿಡುತ್ತಾರೆ. ಉಗುರಿನ ಹಾಳೆಯಲ್ಲಿ ನರವಿಲ್ಲವಾದ್ದರಿಂದ ಬಹಳ ನೋಯುವುದಿಲ್ಲ, ಒತ್ತಡ ಇಳಿದ ಕೂಡಲೇ ಹಾಯೆನಿಸುತ್ತದೆ. ರಕ್ತ ಇನ್ನೂ ನೀರಾಗಿರುವ ಮೊದಲ 24 ರಿಂದ 48 ಗಂಟೆಗಳಲ್ಲಿ ಹೋದರೆ ಮಾತ್ರ ಇದರ ಪ್ರಯೋಜನ. ಸೂಜಿ ಕಾಯಿಸಿ ಮನೆಯಲ್ಲೇ ತೂತು ಮಾಡುವ ಉಪಾಯವನ್ನು ಹೇಳುವವರು ಇರುತ್ತಾರೆ, ಮಾಡಬೇಡಿ. ಸೂಜಿ ಒಂದು ಕೂದಲೆಳೆ ಹೆಚ್ಚು ಇಳಿದರೆ ಉಗುರಿನ ಹಾಸಿಗೆ ತಾಗುತ್ತದೆ, ಕೆಳಗೆ ಮೂಳೆ ಬಿರುಕು ಬಿಟ್ಟಿದ್ದರೆ ಆ ತೂತೇ ಸೋಂಕಿಗೆ ಬಾಗಿಲಾಗುತ್ತದೆ. ಅರ್ಧ ಕಿತ್ತ ಉಗುರನ್ನೂ ಎಳೆದು ತೆಗೆಯಬೇಡಿ. ಉಗುರು ಉದುರಿದರೆ ಹೊಸದು ಬರುತ್ತದೆ, ಆದರೆ ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟೇ ಬೆಳೆಯುವುದರಿಂದ ಹೆಬ್ಬೆರಳಿನದಾದರೆ ಪೂರ್ತಿ ಬರಲು 12 ರಿಂದ 18 ತಿಂಗಳು ಬೇಕು. ಕಪ್ಪು ಕಲೆ ಉಗುರಿನ ಜೊತೆ ಮುಂದೆ ಸರಿಯಬೇಕು. ತಿಂಗಳುಗಳಾದರೂ ಸರಿಯದ ಕಲೆ, ಅಥವಾ ಪೆಟ್ಟೇ ಇಲ್ಲದೆ ಬಂದ ಕಪ್ಪು ಗೆರೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಅದು ಬೇರೆಯೇ ಕಾಯಿಲೆಯಿರಬಹುದು.

ಇನ್ನು ನಿಮ್ಮ ಬೆರಳಿಗೆ ಬರೋಣ. ಮೊದಲ ಎರಡು ದಿನ ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ ಒಂದು ಸಲಕ್ಕೆ 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ ಇಡಿ. ನೇರವಾಗಿ ಚರ್ಮಕ್ಕೆ ತಾಗಿಸಿದರೆ ಚರ್ಮ ಸುಡುತ್ತದೆ. ಊತ ಇಳಿಸುವುದರಲ್ಲಿ ಐಸಿಗಿಂತ ಕಾಲು ಮೇಲಿಡುವುದೇ ಹೆಚ್ಚಿನ ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಆದರೆ ಸ್ಟೂಲಿನ ಮೇಲಿಟ್ಟರೆ ಸಾಲದು. ಮಲಗಿ, ಪಾದ ಎದೆಯ ಮಟ್ಟಕ್ಕಿಂತ ಮೇಲೆ ಬರುವಂತೆ ದಿಂಬು ಇಡಿ. ಈ ಎರಡು ದಿನ ಬಿಸಿ ಶಾಖ, ತಿಕ್ಕಿ ನೀವುವುದು ಎರಡೂ ಬೇಡ, ರಕ್ತ ಒಸರುವುದು ಹೆಚ್ಚುತ್ತದೆ.

ನೋವಿಗೆ ವಯಸ್ಕರು ಪ್ಯಾರಾಸಿಟಮಾಲ್ 500 ರಿಂದ 1000 ಮಿಲಿಗ್ರಾಂ ತೆಗೆದುಕೊಳ್ಳಬಹುದು, ಎರಡು ಡೋಸ್ ನಡುವೆ ಕನಿಷ್ಠ 4 ರಿಂದ 6 ಗಂಟೆ, 24 ಗಂಟೆಯಲ್ಲಿ 4000 ಮಿಲಿಗ್ರಾಂ ದಾಟಲೇಬಾರದು. ನೆಗಡಿ ಮಾತ್ರೆಗಳಲ್ಲೂ ಇದೇ ಔಷಧಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಲಿವರ್ ತೊಂದರೆ ಇರುವವರು, ತೂಕ ತೀರಾ ಕಡಿಮೆ ಇರುವವರು ಡಾಕ್ಟರನ್ನು ಕೇಳಿ ಕಡಿಮೆ ತೆಗೆದುಕೊಳ್ಳಬೇಕು. ಐಬುಪ್ರೊಫೆನ್ ಊಟದ ನಂತರ ತೆಗೆದುಕೊಳ್ಳಬಹುದಾದರೂ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಾವಸ್ಥೆ ಇದ್ದವರಿಗೆ ಅದು ಬೇಡ.

ಟೇಪ್ ಹಾಕುವುದರಲ್ಲೇ ಹೆಚ್ಚು ತಪ್ಪಾಗುವುದು. ಕಿರುಬೆರಳನ್ನು ನಾಲ್ಕನೆಯ ಬೆರಳಿಗೆ ಕಟ್ಟಬೇಕು. ಎರಡನ್ನೂ ತೊಳೆದು ಚೆನ್ನಾಗಿ ಒರೆಸಿ. ಸಂದಿಯಲ್ಲಿ ಹತ್ತಿಯನ್ನೋ ಮಡಿಸಿದ ಗಾಜ್ ತುಂಡನ್ನೋ ತೆಳುವಾಗಿ, ಬೆರಳು ಅಗಲವಾಗದಷ್ಟು ಮಾತ್ರ ಇಡಿ. ಇದನ್ನು ಬಿಟ್ಟರೆ ಬೆವರಿಗೆ ಸಂದಿಯ ಚರ್ಮ ನೆನೆದು ಬೆಳ್ಳಗಾಗಿ ಸೀಳುತ್ತದೆ. ಸುಮಾರು 1 ಸೆಂಟಿಮೀಟರ್ ಅಗಲದ ಟೇಪಿನ ಒಂದು ಪಟ್ಟಿ ಬೆರಳ ಬುಡದ ಹತ್ತಿರ, ಇನ್ನೊಂದು ಉಗುರಿಗಿಂತ ಹಿಂದೆ. ನಡುವಿನ ಗೆಣ್ಣು ಮಡಿಸಲು ಬರುವಂತೆ ಬಿಡಿ. ಟೇಪನ್ನು ಎಳೆದು ಬಿಗಿಯಬೇಡಿ, ಸುಮ್ಮನೆ ಸುತ್ತಿ ಅಂಟಿಸಿ. ಊತ ಸಂಜೆಗೆ ಏರುವುದರಿಂದ ಬೆಳಿಗ್ಗೆ ಸರಿಯಾಗಿದ್ದ ಟೇಪ್ ಸಂಜೆ ಬಿಗಿಯಾಗುತ್ತದೆ. ಹಾಕಿದ ಹತ್ತು ನಿಮಿಷಕ್ಕೆ ಮತ್ತು ಮಲಗುವ ಮುನ್ನ ತುದಿ ಒತ್ತಿ ಬಣ್ಣ ನೋಡಿ. ಜುಮುಗುಟ್ಟಿದರೆ, ನೋವು ಹೆಚ್ಚಿದರೆ, ಕೂಡಲೇ ಬಿಚ್ಚಿ. ಟೇಪ್ ಮತ್ತು ಹತ್ತಿಯನ್ನು ದಿನಕ್ಕೊಮ್ಮೆ ಸ್ನಾನದ ನಂತರ ಬದಲಿಸಿ. ಓರೆಯಾದ ಬೆರಳನ್ನು ಟೇಪಿನಿಂದ ನೆಟ್ಟಗೆ ಎಳೆದು ಕಟ್ಟುವ ಪ್ರಯತ್ನ ಯಾವತ್ತೂ ಬೇಡ.

ಪಾದರಕ್ಷೆ ಎರಡು ಕೈಯಲ್ಲಿ ಹಿಡಿದರೆ ಸುಲಭವಾಗಿ ಬಾಗದಂಥದ್ದು, ಮುಂಭಾಗ ಅಗಲವಿರುವಂಥದ್ದು ಇರಲಿ. ಮೆತ್ತನೆ ರಬ್ಬರ್ ಚಪ್ಪಲಿಯಲ್ಲಿ ಪ್ರತಿ ಹೆಜ್ಜೆಗೂ ಬೆರಳು ಮಡಿಯುತ್ತದೆ, ಬಿರುಕು ಕೂಡುವುದಕ್ಕೆ ಅದೇ ಅಡ್ಡಿ. ಹಿಮ್ಮಡಿಯ ಮೇಲೇ ಕುಂಟಿ ನಡೆಯುವುದನ್ನು ಬೇಗ ನಿಲ್ಲಿಸಿ, ಇಲ್ಲದಿದ್ದರೆ ಒಂದು ವಾರದಲ್ಲಿ ಮೊಣಕಾಲೂ ಸೊಂಟವೂ ನೋಯತೊಡಗುತ್ತವೆ.

ಎರಡು ಮೂರು ದಿನಗಳಲ್ಲಿ ನೋವು ಇಳಿಯುವ ದಾರಿ ಹಿಡಿಯಬೇಕು. ಇಳಿದಿದ್ದ ನೋವು ಮತ್ತೆ ಏರಿದರೆ, ಊತ ಬಿಸಿಯಾಗಿ ಹೊಳೆಯತೊಡಗಿದರೆ, ಕೀವು ಬಂದರೆ, ಪಾದದ ಕಡೆಗೆ ಗೆರೆಯಂತೆ ಕೆಂಪು ಹತ್ತಿದರೆ, ಜ್ವರ ಬಂದರೆ ಅದು ಸೋಂಕು, ತಡಮಾಡಬೇಡಿ. ಚರ್ಮ ಗಾಢ ಬಣ್ಣದ್ದಾದರೆ ಕೆಂಪು ಬೇಗ ಕಾಣುವುದಿಲ್ಲ, ಕೈಯ ಹಿಂಭಾಗ ತಾಗಿಸಿ ಬಿಸಿಯನ್ನು ಇನ್ನೊಂದು ಕಾಲಿಗೆ ಹೋಲಿಸಿ. ಸೋಂಕಿನ ಲಕ್ಷಣ ಇಲ್ಲದಿದ್ದರೂ ಒಂದು ವಾರವಾದ ಮೇಲೂ ನೋವು ಮೊದಲ ದಿನದಷ್ಟೇ ಇದ್ದರೆ ಎಕ್ಸ್‌ರೇ ತೆಗೆಸಿ.

ಉಳುಕು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ, ಬಿರುಕು 4 ರಿಂದ 6 ವಾರದಲ್ಲಿ ಕೂಡಿಕೊಳ್ಳುತ್ತದೆ. ಟೇಪನ್ನು ಮೂರು ನಾಲ್ಕು ವಾರ, ಮೂಳೆಯ ಮೇಲೆ ಒತ್ತಿದರೆ ನೋವಿಲ್ಲ ಎನ್ನುವವರೆಗೆ ಇಟ್ಟುಕೊಳ್ಳಿ. ಸ್ವಲ್ಪ ಊತ ಇನ್ನೂ ಕೆಲವು ವಾರ ಉಳಿದರೆ ಗಾಬರಿ ಬೇಡ. ಓಟ, ಆಟ, ಜಿಗಿತಕ್ಕೆ ಮರಳುವ ಮುನ್ನ ಬರಿಗಾಲಲ್ಲಿ ತುದಿಗಾಲ ಮೇಲೆ ನಿಂತು ನೋಡಿ. ಪೆಟ್ಟಾದ ಕಾಲೊಂದರ ಮೇಲೆಯೇ ಹಾಗೆ ಹತ್ತು ಸಲ ಏರಿ ಇಳಿದರೂ ನೋಯದಿದ್ದರೆ ಶುರು ಮಾಡಬಹುದು. ನೋಯಿಸಿದರೆ ಇನ್ನೊಂದು ವಾರ ತಡೆದು ಮತ್ತೆ ನೋಡಿ.